ಹಳೆಯ ಫಟಫಟಿಗೆ ಹೊಸ ರೂಪು

ರೋಣದ ನಮ್ಮ ಮನೆಯ ಹಿತ್ತಲಲ್ಲಿ ಕೈಲಾಸವಾಸಿಗಳಾದ ತೀರ್ಥರೂಪರ ಯೆಜ್ಡಿ ಫಟಫಟಿಯು ಬಹು ವರ್ಷ ಧೂಳು ತಿನ್ನುತ್ತ ನಿಂತಿತ್ತು. ಅಣ್ಣನ ಮಗನು ಒಂದು ದಿನ, “ಕಾಕಾ, ಹಿಂದಿನ ಮಡಗಾರ್ಡು ಕತ್ತರಿಸಿ, ಒಬ್ಬನೇ ಕೂಡುವ ಹೊಸ ಮಾದರಿಯ ಗಾಡಿ ಮಾಡಿಸೋಣ” ಎಂದನು. ಒಳಗಿನಿಂದ ತಾಯಿಯವರು, “ಅವರ ಬೆನ್ನಿಗೆ ಕೂತು ಕಾಲಕಾಲೇಶ್ವರನ ಜಾತ್ರೆಗೆ ಹೋದಾಕಿ ನಾನು, ಇನ್ನ ಎಲ್ಲಿ ಕೂಡಲೋ ತಮ್ಮಾ?” ಎಂದರು. ನಮ್ಮ ವಿಚಾರವು ಈ ಪ್ರಶ್ನೆಯಿಂದಲೇ ಆರಂಭವಾಯಿತು.

ಝೆಕೊಸ್ಲೊವಾಕಿಯಾದ ಜಾವಾ ಗಾಡಿಯನ್ನು ಮೈಸೂರಿನ ಐಡಿಯಲ್ ಜಾವಾ ಕಾರಖಾನೆಯು 1961ರಿಂದ ಪರವಾನಗಿ ಪಡೆದು ತಯಾರಿಸಿತು. ಮುಂದೆ ಅದಕ್ಕೆ ಯೆಜ್ಡಿ ಎಂಬ ಹೆಸರಾಯಿತು. ಕಾರಖಾನೆಯು 1996ರಲ್ಲಿ ಮುಚ್ಚಿತು. 2022ರಿಂದ ಅದೇ ಹೆಸರಿನ ಹೊಸ ಗಾಡಿಗಳು ಬಂದಿದ್ದರೂ ಅವುಗಳ ಯಂತ್ರವೇ ಬೇರೆ. ಆದುದರಿಂದ ಹಳೆಯ ಗಾಡಿಯ ಮೂಲಭಾಗವನ್ನು ಒಮ್ಮೆ ಕತ್ತರಿಸಿದರೆ ಮತ್ತೆ ದೊರೆಯುವದು ಕಠಿಣ.

ರೂಪವನ್ನು ಆರಿಸುವಾಗ ನೆಲವನ್ನು ನೋಡಬೇಕು. ನರಗುಂದ-ರೋಣಗಳದು ಎರೆಭೂಮಿ. ಮಳೆಗಾಲದಲ್ಲಿ ಈ ಮಣ್ಣು ಗಾಲಿಗೆ ಮೆತ್ತಿ, ಮಡಗಾರ್ಡಿನೊಳಗೆ ತುಂಬಿ, ಗಾಲಿಯನ್ನೇ ಹಿಡಿದುಬಿಡುವದು. ಮಡಗಾರ್ಡನ್ನು ತೆಗೆದರೆ ಕೆಸರೆಲ್ಲ ಸವಾರನ ಬೆನ್ನಿಗೆ. ಆದಕಾರಣ ಮುಂದಿನ ಮಡಗಾರ್ಡನ್ನು ಗಾಲಿಯಿಂದ ಮೇಲಕ್ಕೆತ್ತಿ ಕೂಡ್ರಿಸಿ, ಹಿಡಿಕೆಯನ್ನು ಅಗಲ ಮಾಡಿಸಿದೆವು. ಚಾಸಿಗೆ ಗರಗಸ ಮುಟ್ಟಿಸಲಿಲ್ಲ. ಇಬ್ಬರು ಕೂಡುವ ಆಸನವನ್ನು ಉಳಿಸಿದೆವು.

ಅಲಂಕಾರಕ್ಕಿಂತ ಮೊದಲು ಯಂತ್ರದ ಆರೋಗ್ಯ. ಇದು ಟೂ ಸ್ಟ್ರೋಕ್ ಯಂತ್ರ. ಪೆಟ್ರೋಲಿನಲ್ಲಿ ಬೆರೆಸಿದ ಎಣ್ಣೆಯೇ ಪಿಸ್ಟನ್ನಿಗೆ ಜೀವ. ಒಳಗಿನ ಎಣ್ಣೆಸೀಲು ಸವೆದರೆ ಗಾಳಿ ಹೊಕ್ಕು, ಮಿಶ್ರಣವು ತೆಳುವಾಗಿ, ಯಂತ್ರವು ಕಾದು ಪಿಸ್ಟನ್ನು ಹಿಡಿಯುವದು. ಆದ್ದರಿಂದ ಸೀಲು, ಬೇರಿಂಗುಗಳನ್ನು ಬದಲಿಸಿ, ಸವೆದ ಸಿಲಿಂಡರನ್ನು ಬೋರ್ ಮಾಡಿಸಿ ತುಸು ದೊಡ್ಡ ಪಿಸ್ಟನ್ನು ಹಾಕಿಸಬೇಕು. ಬ್ರೇಕಿನ ಪಟ್ಟಿಗಳಿಗೆ ಹಣ ಉಳಿಸಬಾರದು. ಏಕೆಂದರೆ ಇಂಥ ಯಂತ್ರವು ಇಳಿಜಾರಿನಲ್ಲಿ ಗಾಡಿಯನ್ನು ಹೆಚ್ಚು ತಡೆಯಲಾರದು. ಗಜೇಂದ್ರಗಡದ ಗುಡ್ಡವನ್ನಿಳಿಯುವಾಗ ಪೆಟ್ರೋಲನ್ನು ಪೂರ್ತಿ ಮುಚ್ಚಿದರೆ ಎಣ್ಣೆಯೂ ಕಡಿಮೆಯಾಗುವದೆಂಬುದನ್ನು ತರುಣರು ಮರೆಯಬಾರದು.

ಇನ್ನು ಕಾಯದೆಯ ಮಾತು. 1988ರ ಮೋಟಾರು ವಾಹನ ಕಾಯದೆಯ 52ನೆಯ ಕಲಮಿನಂತೆ, ತಯಾರಕರು ಮೂಲತಃ ಗೊತ್ತುಮಾಡಿದ ವಿವರಗಳಿಗೆ ನೋಂದಣಿ ಪತ್ರವು ಹೊಂದದಂತಾಗುವ ಬದಲಾವಣೆ ಕೂಡದು. 2019ರಲ್ಲಿ ಸುಪ್ರೀಮ್ ಕೋರ್ಟೂ ಇದನ್ನೇ ಎತ್ತಿಹಿಡಿದಿದೆ. ಯಂತ್ರವನ್ನು ಬದಲಿಸುವದಾದರೆ ಮೊದಲೇ ಅಪ್ಪಣೆ ಬೇಕು. ಹದಿನೈದು ವರ್ಷ ದಾಟಿದ ಗಾಡಿಯ ನೋಂದಣಿಯನ್ನು ನವೀಕರಿಸಿಕೊಳ್ಳಬೇಕು. ಕಾಗದಪತ್ರಗಳನ್ನು ಮೊದಲು ನೋಡಿ, ಆಮೇಲೆ ಪಾನೆಯನ್ನು ಕೈಗೆ ತೆಗೆದುಕೊಳ್ಳುವದು ಜಾಣತನ.

ಕೆಲಸ ಮುಗಿದು ಗಾಡಿ ಅಂಗಳಕ್ಕೆ ಬಂದ ದಿನ ತಾಯಿಯವರು ಹೊಸ ಬಣ್ಣವನ್ನು ನೋಡಲಿಲ್ಲ. ಆಸನದ ಮೇಲೆ ಕೈಯಾಡಿಸಿ ನೋಡಿದರು. ಮೊಮ್ಮಗನ ಬೆನ್ನಿಗೆ ಕೂತು ಜಾತ್ರೆಗೆ ಹೋಗಿಬಂದರು. ಹಳೆಯದನ್ನು ಹೊಸದು ಮಾಡುವಾಗ ಯಾರ ಸ್ಥಳವನ್ನೂ ಕತ್ತರಿಸದಿರುವದೇ ಒಳ್ಳೆಯ ಕೆಲಸಗಾರಿಕೆಯೆಂದು ನಮಗೆ ಅಂದು ತಿಳಿಯಿತು.