ಎತ್ತರದ ತೊಟ್ಟಿಲೂ ಎರೆಯ ನೆಲವೂ

ಬೀದಿಯ ದೀಪ ಕೆಟ್ಟಿತೆಂದು ದೂರು ಬರೆಯುವ ಪೌರರು ರಾಯಚೂರಿನಲ್ಲಿ ಬಹುಮಂದಿ ಉಂಟು. ಅದನ್ನು ಸರಿಪಡಿಸಲು ಏರುವವನು ಯಾವುದರ ಮೇಲೆ ನಿಂತಿರುವನೆಂದು ಕೇಳುವವರು ವಿರಳ. ಹಿಂದೆ ಬಿದಿರೇಣಿಯಿತ್ತು, ಈಗ ಗಾಡಿಗೆ ಜೋಡಿಸಿದ, ಯಂತ್ರಬಲದಿಂದ ಮೇಲೇಳುವ ಕಬ್ಬಿಣದ ತೊಟ್ಟಿಲು ಬಂದಿದೆ. ಶಕ್ತಿನಗರದಲ್ಲಿ 1985ರಲ್ಲಿ ವಿದ್ಯುದುತ್ಪಾದನೆ ಮೊದಲಾದಂದಿನಿಂದ ಎತ್ತರದ ಕೆಲಸವು ಈ ಜಿಲ್ಲೆಗೆ ಅಪರಿಚಿತವಲ್ಲ. ಮಾನ್ವಿಯ ಅಕ್ಕಿಗಿರಣಿಯ ತಗಡಿನ ಮಾಡಾಗಲಿ, ದೇವದುರ್ಗದ ಬೀದಿಯ ಕಂಬವಾಗಲಿ, ಯಾರಾದರೊಬ್ಬರು ಏರಲೇಬೇಕು.

ಏಣಿಗಿಂತ ತೊಟ್ಟಿಲು ಮೇಲೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಆ ಗಾಡಿಯು ಗಟ್ಟಿಯಾದ, ಸಮವಾದ ನೆಲವನ್ನು ಬೇಡುತ್ತದೆ. ನಮ್ಮ ಸೀಮೆಯಲ್ಲಿ ಬಹುಭಾಗ ಎರೆಭೂಮಿ; ಬೇಸಗೆಯಲ್ಲಿ ಬಾಯಿಬಿಡುವುದು, ಮಳೆಬಿದ್ದರೆ ಉಬ್ಬಿ ಮೆತ್ತಗಾಗುವುದು. ಮೇಲೆ ಒಣಗಿ ಕಂಡರೂ ಒಳಗೆ ಹಸಿಯಿರುವುದನ್ನು ರೈತನು ಬಲ್ಲನು, ಗುತ್ತಿಗೆದಾರನು ಅರಿಯನು. ಗಾಡಿಯು ಇಕ್ಕೆಲಕ್ಕೆ ಚಾಚುವ ಊರುಗಾಲುಗಳಲ್ಲಿ ಒಂದು ಕುಸಿದು ಗಾಡಿ 5 ಡಿಗ್ರಿ ವಾಲಿತೆನ್ನಿರಿ. 12 ಮೀಟರ್ ಎತ್ತರದ ತೊಟ್ಟಿಲು ಸುಮಾರು 1 ಮೀಟರಿನಷ್ಟು ಹೊರಕ್ಕೆ ಸರಿಯುವುದು. ಕಾಲಿನಡಿಯಲ್ಲಿ ಅಗಲವಾದ ದಪ್ಪ ಹಲಗೆಯನ್ನಿಡುವುದಕ್ಕೆ ಎಷ್ಟು ಹಣ ಬೇಕು?

ಎರಡನೆಯ ಶತ್ರು ತಲೆಯ ಮೇಲಿನ 11,000 ವೋಲ್ಟಿನ ತಂತಿ. ಕಬ್ಬಿಣದ ತೊಟ್ಟಿಲು ಅದಕ್ಕೆ ತಾಗಿದರೆ ಮೇಲಿನವನಷ್ಟೇ ಅಲ್ಲ, ಕೆಳಗೆ ಗಾಡಿಯನ್ನು ಮುಟ್ಟಿ ನಿಂತವನೂ ಅಪಾಯಕ್ಕೊಳಗಾಗುವನು.

ಇನ್ನು ರಕ್ಷಣೆಯ ಪಟ್ಟಿ. ಸೊಂಟಕ್ಕೆ ಮಾತ್ರ ಕಟ್ಟುವ ಪಟ್ಟಿ ಸಾಲದು. ಹೆಗಲು ತೊಡೆಗಳನ್ನೂ ಬಿಗಿಯುವಂಥದು ಬೇಕು. ಅದರ ಹಗ್ಗವನ್ನು ತೊಟ್ಟಿಲಿನಲ್ಲಿ ಅದಕ್ಕೆಂದೇ ಇಟ್ಟ ಕೊಂಡಿಗೆ ಸಿಕ್ಕಿಸಬೇಕಲ್ಲದೆ ಪಕ್ಕದ ಕಂಬಕ್ಕೆ ಬಿಗಿಯಬಾರದು. ತೊಟ್ಟಿಲು ಸರಿದರೆ ಆ ಹಗ್ಗವೇ ಆತನನ್ನು ಹೊರಕ್ಕೆಳೆಯುವುದು. ಪಟ್ಟಿಯಲ್ಲಿ ತೂಗಿದವನನ್ನೂ ಕೂಡಲೇ ಇಳಿಸಬೇಕು. ಅಲುಗಾಡದೆ ನೇತಾಡುವವನಿಗೆ ಕೆಲವೇ ನಿಮಿಷಗಳಲ್ಲಿ ಪ್ರಜ್ಞೆ ತಪ್ಪಬಹುದು. ಆದಕಾರಣ ತೊಟ್ಟಿಲನ್ನು ಕೆಳಗಿನಿಂದ ಇಳಿಸಬಲ್ಲ ಒಬ್ಬನು ನೆಲದಲ್ಲಿ ಇರಲೇತಕ್ಕದ್ದು. ಅವನು ಚಹಾಕ್ಕೆ ಹೋಗತಕ್ಕವನಲ್ಲ. ಜೇಸಿಬಿಯ ಮಣ್ಣಿನ ಬುಟ್ಟಿಯಲ್ಲಿ ಆಳನ್ನು ನಿಲ್ಲಿಸಿ ಎತ್ತುವ ಪರಿಪಾಠದ ವಿಷಯವಾಗಿ ನಾವು ಏನು ಹೇಳೋಣ! ಅದಕ್ಕೆ ಕಟಕಟೆಯೂ ಇಲ್ಲ, ಕೊಂಡಿಯೂ ಇಲ್ಲ.

5 ಮೀಟರ್ ಎತ್ತರದಿಂದ ನೆಲ ಸೇರಲು ಸುಮಾರು ಒಂದೇ ಸೆಕೆಂಡು ಸಾಕು. ಬೀಳುವ ಭಯವಿರುವ ಎಡೆಯಲ್ಲಿ ಕಟಕಟೆ ಮೊದಲಾದ ರಕ್ಷಣೆ ಬೇಕೆಂದು 1948ರ ಕಾರ್ಖಾನೆಗಳ ಕಾನೂನೇ ವಿಧಿಸಿತ್ತು. 1996ರಲ್ಲಿ ಕಟ್ಟಡದ ಕೆಲಸಗಾರರಿಗೆಂದು ಬೇರೆ ಶಾಸನವಾಯಿತು. 2020ರ ಸಂಹಿತೆಯು ಕೆಲಸಗಾರನಿಗೆ ನೇಮಕಪತ್ರವನ್ನು ಕೊಡಬೇಕೆಂದಿದೆ. ಬಿದ್ದವನು ತನ್ನ ಆಳೇ ಅಲ್ಲವೆಂದು ಗುತ್ತಿಗೆದಾರನು ಕೈತೊಳೆದುಕೊಂಡರೆ, ಹೆಂಡತಿ ಮಕ್ಕಳ ಕೈಯಲ್ಲಿ ಉಳಿಯುವ ಆಧಾರ ಆ ಪತ್ರವೊಂದೇ. ಅದನ್ನು ಪಡೆಯದೆ ತೊಟ್ಟಿಲನ್ನೇರುವವರು ನಮ್ಮಲ್ಲಿ ಎಷ್ಟು ಮಂದಿಯಿಲ್ಲ?

ಮೂರು ಊರುಗಳ ಪೌರಾಧಿಕಾರಿಗಳಲ್ಲಿಯೂ ಗಿರಣಿಗಳ ಮಾಲೀಕರಲ್ಲಿಯೂ ನಮ್ಮ ಬಿನ್ನಹವು ಇಷ್ಟೆ: ಗಾಡಿಯ ಬಾಡಿಗೆಯ ಚೀಟಿಗೆ ರುಜು ಹಾಕುವ ಮುನ್ನ ನೆಲವನ್ನು ಪರೀಕ್ಷಿಸಿದವನ ಹೆಸರು, ತಂತಿಯ ವಿದ್ಯುತ್ತನ್ನು ನಿಲ್ಲಿಸಿದ ವೇಳೆ, ಕೆಳಗೆ ಕಾಯುವವನ ಹೆಸರು, ಈ ಮೂರನ್ನು ಅದರಲ್ಲಿಯೇ ಬರೆಯಿಸಿಕೊಳ್ಳಲಿ. ಬರೆಯದ ಚೀಟಿಯ ಹಣವನ್ನು ಖಜಾನೆಯವರು ತಡೆಹಿಡಿಯಲಿ.