ಶರ್ಯತ್ತು ಮತ್ತು ಷರತ್ತು: ಡ್ರ್ಯಾಗ್ ರೇಸಿನ ಸುರಕ್ಷಾ ನಿಯಮಗಳನ್ನು ಕುರಿತು

ಕಳೆದ ವರ್ಷ ನಮ್ಮ ಐಚ್ಛಿಕ ಕನ್ನಡ ತರಗತಿಯ ವಿದ್ಯಾರ್ಥಿಯೊಬ್ಬ ಮೂರು ವಾರ ಗೈರುಹಾಜರಾಗಿ, ನಾಲ್ಕನೆಯ ವಾರ ಬಲಗೈಗೆ ಪ್ಲಾಸ್ಟರು ಹಾಕಿಸಿಕೊಂಡು ಬಂದನು. ಏನಾಯಿತೆಂದು ಕೇಳಿದಾಗ ತಲೆ ತಗ್ಗಿಸಿ, ‘ರೇಸ್ ಏನಿಲ್ರಿ ಸರ್, ದೋಸ್ತನ ಜೋಡಿ ಸುಮ್ನ ಒಂದ್ ಶರ್ಯತ್ತು ಕಟ್ಟಿದ್ದೆ’ ಎಂದನು. ರಾತ್ರಿ ಹತ್ತು ಗಂಟೆಯ ಮೇಲೆ, ಜಹೀರಾಬಾದಿನ ಹೊರಗೆ, ಹೆದ್ದಾರಿಯ ಮೇಲೆ ಇಬ್ಬರೂ ಬೈಕುಗಳನ್ನು ಸಾಲಾಗಿ ನಿಲ್ಲಿಸಿ ಓಡಿಸಿದ್ದರು. ಇಬ್ಬರ ತಲೆಯ ಮೇಲೂ ಹೆಲ್ಮೆಟ್ ಇರಲಿಲ್ಲ. ಇವನ ಕೈ ಕೂಡಿತು. ಗೆಳೆಯನು ಈಗಲೂ ಕೋಲಿನ ಆಸರೆಯಿಲ್ಲದೆ ನಡೆಯಲಾರನು.

ಆ ದಿನ ಅವನು ಬಳಸಿದ ಮಾತು ನನ್ನ ಮನಸ್ಸಿನಲ್ಲಿ ಉಳಿಯಿತು. ನಾನು ಬಾಲ್ಯದಲ್ಲಿ ಮರಾಠಿ ಮತ್ತು ಕನ್ನಡ ಎರಡನ್ನೂ ಶಾಲೆಯಲ್ಲಿ ಕಲಿತವನು. ಮರಾಠಿಯಲ್ಲಿ ‘ಶರ್ಯತ’ ಎಂದರೆ ಓಟದ ಸ್ಪರ್ಧೆ. ಗಡಿಭಾಗದ ಕನ್ನಡದಲ್ಲಿ ಅದು ‘ಶರ್ಯತ್ತು’ ಆಗಿ, ಎತ್ತಿನ ಗಾಡಿಯ ಓಟಕ್ಕೂ ಬಾಜಿಗೂ ಸಲ್ಲುತ್ತದೆ. ಇದರ ಮೂಲ ಅರಬ್ಬಿಯ ‘ಶರ್ತ್’. ಉರ್ದುವಿನಲ್ಲಿ ಆ ಪದಕ್ಕೆ ಬಾಜಿ ಎಂಬ ಅರ್ಥವೂ ಉಂಟು, ನಿಬಂಧನೆ ಎಂಬ ಅರ್ಥವೂ ಉಂಟು. ಅದೇ ಪದ ಶಿಷ್ಟ ಕನ್ನಡಕ್ಕೆ ಬಂದು ‘ಷರತ್ತು’ ಆಯಿತು. ಅಂದರೆ, ಶರ್ಯತ್ತು ಮತ್ತು ಷರತ್ತು ಒಂದೇ ಬೇರಿನ ಎರಡು ಕೊಂಬೆಗಳು. ನಿಬಂಧನೆಗೆ ಇಬ್ಬರೂ ಒಪ್ಪಿದ ಮೇಲೆಯೇ ಸ್ಪರ್ಧೆ ಎಂಬ ತಿಳಿವಳಿಕೆ ಈ ಪದದೊಳಗೇ ಅಡಗಿದೆ. ನಮ್ಮ ಹುಡುಗರು ಶರ್ಯತ್ತನ್ನು ಇಟ್ಟುಕೊಂಡು ಷರತ್ತನ್ನು ಕೈಬಿಟ್ಟಿದ್ದಾರೆ. ವಾಹನಗಳ ಓಟದಲ್ಲಿ ಆ ಷರತ್ತುಗಳು ಯಾವುವು, ಅವು ಏಕೆ ಹುಟ್ಟಿದುವು ಎಂಬುದನ್ನು ತಿಳಿಸುವುದು ಈ ಲೇಖನದ ಉದ್ದೇಶ.

ಡ್ರ್ಯಾಗ್ ರೇಸ್ ಎಂದರೇನು?

ಎರಡು ವಾಹನಗಳು ಅಕ್ಕಪಕ್ಕದಲ್ಲಿ ನಿಂತು, ನಿಂತ ಸ್ಥಿತಿಯಿಂದಲೇ ಹೊರಟು, ನೇರವಾದ ದಾರಿಯಲ್ಲಿ ಗೊತ್ತಾದ ದೂರವನ್ನು ಕ್ರಮಿಸುವ ಸ್ಪರ್ಧೆಗೆ ಡ್ರ್ಯಾಗ್ ರೇಸ್ ಎಂದು ಹೆಸರು. ಆ ದೂರ ರೂಢಿಯಲ್ಲಿ ಕಾಲು ಮೈಲಿ, ಎಂದರೆ 1,320 ಅಡಿ ಅಥವಾ ಸುಮಾರು 402 ಮೀಟರು. ತಿರುವುಗಳಿಲ್ಲ, ಸುತ್ತುಗಳಿಲ್ಲ. ಎಲ್ಲವೂ ಕೆಲವೇ ಸೆಕೆಂಡುಗಳಲ್ಲಿ ಮುಗಿಯುತ್ತದೆ.

ಆರಂಭದ ಗೆರೆಯಲ್ಲಿ ದೀಪಗಳ ಕಂಬವೊಂದಿರುತ್ತದೆ. 1963ರಿಂದ ಬಳಕೆಗೆ ಬಂದ ಇದನ್ನು ಆ ಆಟದವರು ‘ಕ್ರಿಸ್ಮಸ್ ಮರ’ ಎಂದು ಕರೆಯುತ್ತಾರೆ. ನಮಗೆ ದೇವಸ್ಥಾನದ ಮುಂದಿನ ದೀಪಮಾಲೆಯ ಕಂಬ ನೆನಪಾಗಬಹುದು. ಹಳದಿ ದೀಪಗಳ ಬಳಿಕ ಹಸಿರು ಬೆಳಗಿದಾಗ ಹೊರಡಬೇಕು. ಹಸಿರಿಗಿಂತ ಮೊದಲು ಹೊರಟವನಿಗೆ ಕೆಂಪು ದೀಪ ಬೆಳಗುತ್ತದೆ, ಆಟ ಮುಗಿಯಿತು. ಇಲ್ಲೊಂದು ಸೂಕ್ಷ್ಮವುಂಟು. ಓಟದ ಅವಧಿಯ ಲೆಕ್ಕ ಹಸಿರು ದೀಪದಿಂದ ಆರಂಭವಾಗುವುದಿಲ್ಲ. ವಾಹನದ ಚಕ್ರ ಗೆರೆಯ ಮೇಲಿನ ಬೆಳಕಿನ ಕಿರಣವನ್ನು ಬಿಟ್ಟ ಕ್ಷಣದಿಂದ ಆರಂಭವಾಗುತ್ತದೆ. ಹಸಿರು ಕಂಡು ಹೊರಡಲು ಹಿಡಿದ ಸಮಯವನ್ನು ಬೇರೆಯಾಗಿ ಅಳೆಯುತ್ತಾರೆ. ಆದುದರಿಂದ ವೇಗದ ವಾಹನವುಳ್ಳವನೂ ಎಚ್ಚರ ತಪ್ಪಿದರೆ ಸೋಲಬಹುದು.

ಈ ಆಟ ಬೆಳೆದುದು ಎರಡನೆಯ ಮಹಾಯುದ್ಧದ ಅನಂತರದ ಅಮೆರಿಕದಲ್ಲಿ. ಯುದ್ಧದಿಂದ ಮರಳಿದ ತರುಣರು ಹಳೆಯ ಕಾರುಗಳನ್ನು ತಿದ್ದಿ, ಕ್ಯಾಲಿಫೋರ್ನಿಯಾದ ಒಣಗಿದ ಸರೋವರಗಳ ನೆಲದಲ್ಲೂ ಊರಿನ ಬೀದಿಗಳಲ್ಲೂ ಓಡಿಸುತ್ತಿದ್ದರು. ಬೀದಿಯ ಓಟಗಳಲ್ಲಿ ಸಾವುಗಳಾದುವು. 1950ರಲ್ಲಿ ಸಾಂತಾ ಆನಾ ಎಂಬಲ್ಲಿ ವಿಮಾನ ನಿಲ್ದಾಣದ ರನ್‌ವೇಯ ಮೇಲೆ ವ್ಯವಸ್ಥಿತ ಸ್ಪರ್ಧೆಗಳು ತೊಡಗಿದುವು. 1951ರಲ್ಲಿ ವಾಲಿ ಪಾರ್ಕ್ಸ್ ಎಂಬಾತನು ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಎಂಬ ಸಂಸ್ಥೆಯನ್ನು ಕಟ್ಟಿದನು. 1954ರಲ್ಲಿ ಆ ಸಂಸ್ಥೆಯ ಸಣ್ಣ ತಂಡವೊಂದು ಊರೂರಿಗೆ ಹೋಗಿ, ಸುರಕ್ಷಿತವಾಗಿ ಸ್ಪರ್ಧೆ ನಡೆಸುವುದು ಹೇಗೆಂದು ಸ್ಥಳೀಯ ಕ್ಲಬ್ಬುಗಳಿಗೂ ಪೊಲೀಸರಿಗೂ ತೋರಿಸಿಕೊಟ್ಟಿತು. ತರುಣರ ವೇಗದ ಹಂಬಲವನ್ನು ಅಳಿಸಲಾಗದು, ಅದಕ್ಕೊಂದು ಜಾಗವನ್ನೂ ಕಟ್ಟಳೆಯನ್ನೂ ಕೊಡಬಹುದು ಎಂಬುದೇ ಇದರ ತಿರುಳು.

ನಮ್ಮ ದೇಶದಲ್ಲಿ ಮೋಟಾರು ಕ್ರೀಡೆಗಳ ಹೊಣೆ ಫೆಡರೇಷನ್ ಆಫ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಸ್ ಆಫ್ ಇಂಡಿಯಾ ಎಂಬ ಒಕ್ಕೂಟದ್ದು. ರಾಷ್ಟ್ರೀಯ ಡ್ರ್ಯಾಗ್ ಸ್ಪರ್ಧೆಗಳು ಚೆನ್ನೈ ಸಮೀಪದ ಇರುಂಗಾಟ್ಟುಕೋಟ್ಟೈ ಟ್ರ್ಯಾಕಿನಲ್ಲಿ ನಡೆದಿವೆ. ಬೆಂಗಳೂರಿನ ಹೇಮಂತ್ ಮುದ್ದಪ್ಪ ಅವರು ಇವುಗಳಲ್ಲಿ ಹಲವು ಬಾರಿ ಚಾಂಪಿಯನ್ ಆಗಿದ್ದಾರೆ. ಅವರು ಕುಳಿತ ಬೈಕು ಗೆರೆಗೆ ಬರುವ ಮುನ್ನ ದಾಟಬೇಕಾದ ಬಾಗಿಲೊಂದಿದೆ. ಅದೇ ತಾಂತ್ರಿಕ ತಪಾಸಣೆ.

ತಪಾಸಣೆಯಲ್ಲಿ ಏನನ್ನು ನೋಡುತ್ತಾರೆ?

ಹವ್ಯಾಸಿ ಸ್ಪರ್ಧೆಯಲ್ಲಿಯೂ ವಾಹನವು ಮೊದಲು ತಪಾಸಣೆಯ ಸಾಲಿನಲ್ಲಿ ನಿಲ್ಲಬೇಕು. ಪರವಾನಗಿ, ವಯಸ್ಸು, ವಾಹನದ ವರ್ಗ ಇವುಗಳ ಕಾಗದಪತ್ರಗಳಾದ ಮೇಲೆ ಪರೀಕ್ಷಕನು ವಾಹನದ ಮೇಲೆ ಕೈಯಿಡುತ್ತಾನೆ.

ಮೊದಲನೆಯದು ಆಕ್ಸಿಲರೇಟರು. ಕೈ ಬಿಟ್ಟ ಕೂಡಲೇ ಸ್ಪ್ರಿಂಗು ಅದನ್ನು ಮುಚ್ಚಿದ ಸ್ಥಿತಿಗೆ ತರಬೇಕು. ಅದು ತೆರೆದೇ ಸಿಕ್ಕಿಕೊಂಡರೆ ವಾಹನವನ್ನು ತಡೆಯುವ ದಾರಿ ಕಿರಿದಾಗುತ್ತದೆ. ಅನಂತರ ಬ್ರೇಕು ಮತ್ತು ಟೈರು: ಒಳಗಿನ ದಾರ ಕಾಣುವಂತೆ ಸವೆದ, ಬಿರುಕು ಬಿಟ್ಟ, ಉಬ್ಬಿದ ಟೈರಿಗೆ ಅನುಮತಿಯಿಲ್ಲ. ಚಕ್ರದ ನಟ್ಟುಗಳೆಲ್ಲ ಇರಬೇಕು, ಬೋಲ್ಟಿನ ಮೇಲೆ ಸಾಕಷ್ಟು ಸುತ್ತು ಹತ್ತಿರಬೇಕು. ಅಂದಕ್ಕಾಗಿ ಹಾಕಿದ ಚಕ್ರದ ಮುಚ್ಚಳಗಳನ್ನು ಕಳಚಿಡಬೇಕು, ಏಕೆಂದರೆ ವೇಗದಲ್ಲಿ ಅವು ಸಿಡಿದು ಪ್ರೇಕ್ಷಕರ ಮೇಲೆ ಬೀಳಬಲ್ಲುವು.

ಎರಡನೆಯದು ಸೋರಿಕೆ. ಎಣ್ಣೆಯ ಒಂದು ಹನಿಯನ್ನೂ ಪರೀಕ್ಷಕನು ಕ್ಷಮಿಸುವುದಿಲ್ಲ. ರೇಡಿಯೇಟರಿನಿಂದ ಉಕ್ಕುವ ನೀರನ್ನು ಹಿಡಿಯಲು ಅರ್ಧ ಲೀಟರಿನಷ್ಟು ಹಿಡಿಯುವ ಡಬ್ಬಿಯನ್ನು ಕಾರಿಗೆ ಕಟ್ಟಿರಬೇಕೆಂದು ಅಮೆರಿಕದ ನಿಯಮಾವಳಿ ಹೇಳುತ್ತದೆ. ಈ ನಿಯಮವು ಅದನ್ನು ಪಾಲಿಸುವವನನ್ನು ರಕ್ಷಿಸುವುದಕ್ಕಿಂತ ಹೆಚ್ಚಾಗಿ ಅವನ ಹಿಂದೆ ಬರುವವನನ್ನು ರಕ್ಷಿಸುತ್ತದೆ. ನನ್ನ ವಾಹನದಿಂದ ಚೆಲ್ಲಿದ್ದರ ಮೇಲೆ ಜಾರುವವನು ಬೇರೊಬ್ಬನು.

ಮೂರನೆಯದು ಶಾಫ್ಟಿನ ಕೆಳಗಿನ ಕಬ್ಬಿಣದ ಬಳೆ. ಹಿಂಚಕ್ರಗಳಿಗೆ ಬಲ ಹೋಗುವ ಕಾರುಗಳಲ್ಲಿ ಇಂಜಿನಿನಿಂದ ಹಿಂದಕ್ಕೆ ಉದ್ದವಾದ ಶಾಫ್ಟು ಸಾಗುತ್ತದೆ. ನಮ್ಮ ಲಾರಿ ಚಾಲಕರಿಗೆ ಇದು ಚೆನ್ನಾಗಿ ಗೊತ್ತು. ಒಮ್ಮೆಲೆ ಬಿದ್ದ ಬಲಕ್ಕೆ ಅದರ ಮುಂದಿನ ಜಾಯಿಂಟು ಮುರಿದರೆ, ಶಾಫ್ಟಿನ ತುದಿ ನೆಲಕ್ಕೆ ಬಿದ್ದು ನಾಟಿ, ಕಾರನ್ನೇ ಎತ್ತಿ ಒಗೆಯಬಲ್ಲದು. ಅದು ಬೀಳದಂತೆ ಹಿಡಿಯಲು ಒಂದು ದಪ್ಪ ಬಳೆ ಸಾಕು. ಓಟದಲ್ಲಿ ಯಾರ ಕಣ್ಣಿಗೂ ಬೀಳದ ವಸ್ತುವಿದು.

ಬೈಕುಗಳಿಗೆ ಬೇರೆ ಪಟ್ಟಿಯಿದೆ. ಸವಾರನ ಮೈಗೆ ದಾರದಿಂದ ಕಟ್ಟಿದ ಸ್ವಿಚ್ಚೊಂದು ಇರಬೇಕು. ಅವನು ಬಿದ್ದೊಡನೆ ದಾರ ಸೆಳೆದು ಇಂಜಿನು ನಿಲ್ಲುತ್ತದೆ. ಕ್ಲಚ್ಚು ಮತ್ತು ಬ್ರೇಕಿನ ಹಿಡಿಗಳ ತುದಿ ದುಂಡಗಿರಬೇಕು, ಚೂಪಾಗಿದ್ದರೆ ಬಿದ್ದಾಗ ಮೈಗೆ ಚುಚ್ಚುತ್ತದೆ. ಚೈನಿಗೆ ಮರೆ ಇರಬೇಕು. ಗಾಜಿನ ದೀಪಗಳಿಗೆ ಟೇಪು ಹಚ್ಚಬೇಕು, ಒಡೆದರೆ ಚೂರು ಹರಡದಿರಲೆಂದು.

ಕೊನೆಯದು ಮನುಷ್ಯನ ಉಡುಪು. ಚಪ್ಪಲಿ, ಅರೆಚಡ್ಡಿ, ನೈಲಾನಿನಂತಹ ಬಟ್ಟೆ ನಿಷಿದ್ಧ. ನೈಲಾನು ಬೆಂಕಿಗೆ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಬೈಕಿನವರಿಗೆ ದಪ್ಪ ಚರ್ಮದ ಉಡುಪು, ಕೈಗವಸು, ಪಾದದ ಗಂಟಿಗಿಂತ ಮೇಲೆ ಬರುವ ಬೂಟು ಬೇಕು. ಹೆಲ್ಮೆಟ್ಟಿನ ಮೇಲೆ ಪ್ರಮಾಣಪತ್ರದ ಚೀಟಿ ಇದೆಯೇ ಎಂದು ನೋಡುತ್ತಾರೆ. ಅಂತಹ ಚೀಟಿಗಳಲ್ಲಿ ‘ಸ್ನೆಲ್’ ಎಂಬುದು ಪ್ರಸಿದ್ಧ. ಅದು ಪೀಟ್ ಸ್ನೆಲ್ ಎಂಬ ಕಾರು ಸ್ಪರ್ಧಿಯ ಹೆಸರು. 1956ರ ಓಟವೊಂದರಲ್ಲಿ ಅವನ ಹೆಲ್ಮೆಟ್ ಅವನ ತಲೆಯನ್ನು ಕಾಯಲಿಲ್ಲ. ಮರುವರ್ಷ, 1957ರಲ್ಲಿ, ಹೆಲ್ಮೆಟ್ಟುಗಳನ್ನು ಪರೀಕ್ಷಿಸುವ ಸಂಸ್ಥೆಯನ್ನು ಅವನ ಹೆಸರಿನಲ್ಲಿಯೇ ಸ್ಥಾಪಿಸಿದರು.

ವೇಗ ಏರಿದಂತೆ ಷರತ್ತೂ ಏರುತ್ತದೆ

ಎಲ್ಲರಿಗೂ ಎಲ್ಲ ನಿಯಮಗಳೂ ಅನ್ವಯಿಸುವುದಿಲ್ಲ. ಅಮೆರಿಕದ ಪದ್ಧತಿಯಲ್ಲಿ ಸಾಮಾನ್ಯ ಕಾರು ಕಾಲು ಮೈಲಿಯನ್ನು 13.99 ಸೆಕೆಂಡು ಅಥವಾ ಅದಕ್ಕಿಂತ ಕಡಿಮೆ ಅವಧಿಯಲ್ಲಿ ದಾಟಿದರೆ ಹೆಲ್ಮೆಟ್ ಕಡ್ಡಾಯ. 11.49 ಸೆಕೆಂಡಿಗೆ ಇಳಿದರೆ ಚಾಲಕನ ಹಿಂದೆ ಉಕ್ಕಿನ ಕಮಾನು ಬೇಕು. ಅವಧಿ ಇನ್ನೂ ಇಳಿದರೆ ಚಾಲಕನ ಸುತ್ತ ಉಕ್ಕಿನ ಪಂಜರವೇ ಬೇಕಾಗುತ್ತದೆ. ಗಂಟೆಗೆ 150 ಮೈಲಿ, ಎಂದರೆ ಸುಮಾರು 241 ಕಿಲೋಮೀಟರು ವೇಗ ಮುಟ್ಟುವ ಕಾರಿಗೆ ಹಿಂದೆ ಪ್ಯಾರಾಚೂಟು ಬೇಕು. ಕಾರ್ಖಾನೆಯಿಂದ ಬಂದ ಇತ್ತೀಚಿನ ಕಾರುಗಳಿಗೆ ಕೆಲವು ವಿನಾಯಿತಿಗಳಿವೆ. ತತ್ತ್ವ ಮಾತ್ರ ಅದೇ. ಹೆಚ್ಚು ಸಾಮರ್ಥ್ಯ ಉಳ್ಳವನ ಮೇಲೆ ಹೆಚ್ಚು ಹೊಣೆ.

ದಾರಿಗೂ ಷರತ್ತುಗಳಿವೆ. ಎರಡೂ ಬದಿಗೆ ತಡೆಗೋಡೆ, ಪ್ರೇಕ್ಷಕರಿಗೆ ದೂರದ ಜಾಗ, ಆ್ಯಂಬುಲೆನ್ಸು, ಬೆಂಕಿ ಆರಿಸುವವರು ಇರಬೇಕು. ಇವೆಲ್ಲಕ್ಕಿಂತ ಮುಖ್ಯವಾದುದು ಮುಕ್ತಾಯದ ಗೆರೆಯ ಆಚೆ ವಾಹನ ನಿಲ್ಲಲು ಬೇಕಾದ ಖಾಲಿ ದಾರಿ. ಗೆದ್ದವನಿಗೂ ನಿಲ್ಲಲು ಜಾಗ ಬೇಕು.

ನಿಯಮದ ಹಿಂದಿನ ಗಾಯ

ನಿಯಮಾವಳಿಯ ಪುಸ್ತಕ ಓದಲು ನೀರಸ. ಆದರೆ ಅದರ ಅನೇಕ ವಾಕ್ಯಗಳ ಹಿಂದೆ ಒಬ್ಬ ಮನುಷ್ಯನಿದ್ದಾನೆ. 1970ರ ಮಾರ್ಚಿನಲ್ಲಿ ಕ್ಯಾಲಿಫೋರ್ನಿಯಾದ ಟ್ರ್ಯಾಕೊಂದರಲ್ಲಿ ಡಾನ್ ಗಾರ್ಲಿಟ್ಸ್ ಎಂಬ ಪ್ರಸಿದ್ಧ ಸ್ಪರ್ಧಿಯ ಕಾರಿನ ಗೇರುಪೆಟ್ಟಿಗೆ ಆರಂಭದ ಗೆರೆಯಲ್ಲೇ ಸಿಡಿಯಿತು. ಆಗಿನ ಕಾರುಗಳಲ್ಲಿ ಇಂಜಿನು ಚಾಲಕನ ಮುಂದೆ ಇತ್ತು, ಗೇರುಪೆಟ್ಟಿಗೆ ಅವನ ಕಾಲುಗಳ ನಡುವೆ. ಅವನು ಬಲಗಾಲಿನ ಪಾದದ ಮುಂಭಾಗವನ್ನು ಕಳೆದುಕೊಂಡನು. ಆಸ್ಪತ್ರೆಯಿಂದ ಬಂದವನು ಇಂಜಿನನ್ನು ಬೆನ್ನ ಹಿಂದೆ ಇಟ್ಟ ಕಾರನ್ನು ಕಟ್ಟಿ, 1971ರಲ್ಲಿ ಅದರಲ್ಲಿ ಗೆದ್ದು ತೋರಿಸಿದನು. ಕೆಲವೇ ವರ್ಷಗಳಲ್ಲಿ ಉಳಿದವರೂ ಅದೇ ವಿನ್ಯಾಸಕ್ಕೆ ಬಂದರು.

2008ರ ಜೂನಿನಲ್ಲಿ ನ್ಯೂಜೆರ್ಸಿಯ ಎಂಗ್ಲಿಷ್‌ಟೌನಿನಲ್ಲಿ ಸ್ಕಾಟ್ ಕಲಿಟ್ಟಾ ಎಂಬ ಸ್ಪರ್ಧಿಯ ಕಾರಿನ ಇಂಜಿನು ಸಿಡಿದು, ಕಾರು ನಿಲ್ಲದೆ ದಾರಿಯ ಕೊನೆಯನ್ನು ದಾಟಿ ಅವನು ಮೃತನಾದನು. ಮರುತಿಂಗಳೇ ಅತಿವೇಗದ ಎರಡು ವರ್ಗಗಳಿಗೆ ಓಟದ ದೂರವನ್ನು 1,320 ಅಡಿಯಿಂದ 1,000 ಅಡಿಗೆ ಇಳಿಸಿದರು. ಐವತ್ತು ವರ್ಷ ದಾಟಿದ ಸಂಪ್ರದಾಯವನ್ನು ಒಂದು ಸಾವು ಬದಲಿಸಿತು.

ನಿಯಮಗಳಿದ್ದರೆ ಅಪಾಯವೇ ಇಲ್ಲವೆಂದು ನಾನು ಹೇಳಲಾರೆ. 2023ರ ಆಗಸ್ಟ್ 5ರಂದು ಅದೇ ಇರುಂಗಾಟ್ಟುಕೋಟ್ಟೈ ಟ್ರ್ಯಾಕಿನಲ್ಲಿ, ಮೋಟಾರು ಬೈಕಿನ ರಾಷ್ಟ್ರೀಯ ಸ್ಪರ್ಧೆಯಲ್ಲಿ, ಬೆಂಗಳೂರಿನ 13 ವರ್ಷದ ಬಾಲಕನೊಬ್ಬ ಬಿದ್ದು ತೀರಿಕೊಂಡನು. ತಪಾಸಣೆ, ತಡೆಗೋಡೆ, ವೈದ್ಯರು ಇರುವಲ್ಲಿಯೇ ಹೀಗಾಗಬಹುದಾದರೆ, ಇವೊಂದೂ ಇಲ್ಲದ ಹೆದ್ದಾರಿಯ ಗತಿಯೇನು?

ನಮ್ಮ ದಾರಿಗಳು

ಜಹೀರಾಬಾದಿನ ಮೇಲೆ ಹಾದುಹೋಗುವ 65ನೆಯ ರಾಷ್ಟ್ರೀಯ ಹೆದ್ದಾರಿ ಹೈದರಾಬಾದಿನಿಂದ ಪುಣೆಯ ಕಡೆಗೆ ಸಾಗುವ ದಾರಿ. ರಾತ್ರಿಯಿಡೀ ಅದರ ಮೇಲೆ ಭಾರದ ಲಾರಿಗಳಿರುತ್ತವೆ. ತಾಂಡೂರಿನ ರಸ್ತೆಗಳಲ್ಲಿ ಕಲ್ಲಿನ ಚಪ್ಪಡಿ ಹೊತ್ತ ವಾಹನಗಳು. ನಾರಾಯಣಖೇಡದ ಕಡೆ ಕತ್ತಲಲ್ಲಿ ಕೆಂಪು ದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರುಗಳು. ಗಂಟೆಗೆ 100 ಕಿಲೋಮೀಟರು ವೇಗದಲ್ಲಿ ಬೈಕು ಒಂದು ಸೆಕೆಂಡಿಗೆ ಸುಮಾರು 28 ಮೀಟರು ಸಾಗುತ್ತದೆ. ಎದುರಿಗೆ ಎಮ್ಮೆಯೊಂದು ಬಂದುದು ಕಂಡು ಬ್ರೇಕಿಗೆ ಕೈ ಹೋಗುವಷ್ಟರಲ್ಲಿ ಅಷ್ಟು ದೂರ ಕಳೆದಿರುತ್ತದೆ. ಆಮೇಲೆ ನಿಲ್ಲಲು ಒಣ ಡಾಂಬರಿನ ಮೇಲೂ ಇನ್ನು ಐವತ್ತು ಮೀಟರಿಗಿಂತ ಹೆಚ್ಚು ಬೇಕು.

ಕಾನೂನಿನ ಮಾತೂ ಸ್ಪಷ್ಟವಾಗಿದೆ. ಮೋಟಾರು ವಾಹನ ಕಾಯಿದೆಯ 189ನೆಯ ಕಲಮಿನಂತೆ, ಸರ್ಕಾರದ ಲಿಖಿತ ಒಪ್ಪಿಗೆಯಿಲ್ಲದೆ ಸಾರ್ವಜನಿಕ ಸ್ಥಳದಲ್ಲಿ ಓಟದ ಸ್ಪರ್ಧೆ ನಡೆಸುವುದು, ಅದರಲ್ಲಿ ಭಾಗವಹಿಸುವುದು ಅಪರಾಧ. 2019ರ ತಿದ್ದುಪಡಿಯ ಬಳಿಕ ಮೊದಲ ಸಲಕ್ಕೆ ಮೂರು ತಿಂಗಳವರೆಗೆ ಸೆರೆ ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. 2021ರ ಜೂನ್ 1ರಿಂದ ದ್ವಿಚಕ್ರ ಸವಾರರಿಗೆ ಐಎಸ್‌ಐ ಗುರುತಿಲ್ಲದ ಹೆಲ್ಮೆಟ್ ಮಾರುವುದೂ ನಿಷಿದ್ಧ. ರಸ್ತೆಬದಿಯಲ್ಲಿ ಅಗ್ಗಕ್ಕೆ ಸಿಗುವ ಟೋಪಿಯಂತಹ ಹೆಲ್ಮೆಟ್ ಪೊಲೀಸರ ಕಣ್ಣಿಗೆ ಸಾಕಾದೀತು, ತಲೆಗೆ ಸಾಲದು.

ಷರತ್ತು ಹಾಕಿದರೆ ಆಟದ ಸೊಗಸು ಕೆಡುತ್ತದೆಂದು ಕೆಲವರು ಹೇಳುವುದುಂಟು. ನಮ್ಮ ಎತ್ತಿನ ಗಾಡಿಯ ಶರ್ಯತ್ತನ್ನೇ ನೋಡಿರಿ. 2014ರ ಮೇ 7ರ ಸುಪ್ರೀಂ ಕೋರ್ಟಿನ ತೀರ್ಪಿನಿಂದ ಜಲ್ಲಿಕಟ್ಟು ಮತ್ತು ಗಾಡಿ ಓಟಗಳು ನಿಂತುವು. ಬಳಿಕ ತಮಿಳುನಾಡು, ಮಹಾರಾಷ್ಟ್ರ, ಕರ್ನಾಟಕ ರಾಜ್ಯಗಳು ಕಾಯಿದೆಗೆ ತಿದ್ದುಪಡಿ ತಂದುವು. 2023ರ ಮೇ 18ರಂದು ಅದೇ ನ್ಯಾಯಾಲಯದ ಸಂವಿಧಾನ ಪೀಠ ಆ ತಿದ್ದುಪಡಿಗಳನ್ನು ಎತ್ತಿಹಿಡಿಯಿತು, ಅವುಗಳ ನಿಯಮಗಳು ಕಟ್ಟುನಿಟ್ಟಾಗಿ ಜಾರಿಯಾಗಬೇಕೆಂದೂ ಹೇಳಿತು. ಕಂಬಳವೂ ಗಾಡಿಯ ಓಟವೂ ಇಂದು ಉಳಿದಿರುವುದು ಷರತ್ತುಗಳ ಬಲದಿಂದಲೇ.

ವಿದ್ಯಾರ್ಥಿಮಿತ್ರರೆ, ಕನ್ನಡ ಓದುವವರಿಗೆ ಇಲ್ಲೊಂದು ಕೆಲಸವಿದೆ. ನಿಯಮವು ಗ್ಯಾರೇಜಿನ ಹುಡುಗನಿಗೂ ಹೊಲದಿಂದ ಬಂದ ಅಣ್ಣನಿಗೂ ಅರ್ಥವಾಗುವ ಕನ್ನಡದಲ್ಲಿ ಇದ್ದರೆ ಮಾತ್ರ ಅದು ನಿಯಮ. ಮುಂದಿನ ತಿಂಗಳ ನಮ್ಮ ವಿಭಾಗದ ಬರವಣಿಗೆಯ ಅಭ್ಯಾಸಕ್ಕೆ ಇದನ್ನೇ ಕೊಡುತ್ತಿದ್ದೇನೆ: ಬೈಕು ಹೊರತೆಗೆಯುವ ಮುನ್ನ ನೋಡಬೇಕಾದ ಐದು ಸಂಗತಿಗಳನ್ನು ಐದು ವಾಕ್ಯಗಳಲ್ಲಿ ಬರೆಯಿರಿ. ಪ್ರತಿ ವಾಕ್ಯದಲ್ಲಿಯೂ ಒಂದೇ ಆಜ್ಞೆ, ಒಂದೇ ಕಾರಣ ಇರಲಿ. ಮಾದರಿಗೆ ಒಂದು: ‘ಟೈರಿನ ಮೇಲೆ ಅಂಗೈ ಆಡಿಸಿ ನೋಡು, ಉಬ್ಬಿದ್ದರೆ ದಾರಿಯಲ್ಲಿ ಒಡೆಯುತ್ತದೆ.’

ಉಳಿದ ನಾಲ್ಕರಲ್ಲಿ ಹೆಲ್ಮೆಟ್ಟಿನ ವಾಕ್ಯವನ್ನು ಬರೆಯಲು ನಮ್ಮ ಆ ವಿದ್ಯಾರ್ಥಿ ತಾನೇ ಒಪ್ಪಿಕೊಂಡಿದ್ದಾನೆ. ಅವನ ಬಲಗೈ ಈಗ ಪೆನ್ನು ಹಿಡಿಯುವಷ್ಟು ಗುಣವಾಗಿದೆ.