ಸ್ಟಿಯರಿಂಗ್ ಹಗುರವಾದದ್ದೇಕೆ, ಭಾರವಾದದ್ದೇಕೆ?



ಕಾರನ್ನು ಸರ್ವಿಸಿಗೆ ಕೊಟ್ಟು ಮರಳಿ ತಂದವರು ಒಮ್ಮೊಮ್ಮೆ ಒಂದು ಮಾತು ಹೇಳುತ್ತಾರೆ. ‘ಕಾರು ಅದೇ, ಟೈರು ಅದೇ, ದಾರಿಯೂ ಅದೇ. ಆದರೆ ಸ್ಟಿಯರಿಂಗ್ ಮಾತ್ರ ಬೇರೆ ಯಾರದೋ ಕಾರಿನದು ಅನಿಸುತ್ತದೆ’ ಎಂದು. ಒಬ್ಬರಿಗೆ ಅದು ಹಗುರವಾಗಿದೆ, ಇನ್ನೊಬ್ಬರಿಗೆ ಬಿಗಿಯಾಗಿದೆ. ವರ್ಕ್‌ಶಾಪಿನಲ್ಲಿ ಕೇಳಿದರೆ, ‘ನಾವು ಸ್ಟಿಯರಿಂಗಿನ ಒಂದು ತಿರುಪನ್ನೂ ಮುಟ್ಟಿಲ್ಲ’ ಎಂಬ ಉತ್ತರ. ಇಬ್ಬರ ಮಾತೂ ನಿಜವಾಗಿರಬಹುದು. ಅದು ಹೇಗೆ ಎಂಬುದನ್ನೇ ಇವತ್ತು ನಿಮಗೆ ತಿಳಿಸಬೇಕೆಂದಿದ್ದೇನೆ.

ನಮ್ಮ ಕೇಣಿಚಿರದ ಕಡೆಯವರಿಗೆ ಇದು ಬರಿಯ ಕುತೂಹಲದ ವಿಷಯವಲ್ಲ. ಕೋಳಿಕ್ಕೋಡಿಗೆ ಇಳಿಯಬೇಕಾದರೆ ಲಕ್ಕಿಡಿಯಿಂದ ಅಡಿವಾರದವರೆಗೆ ತಾಮರಶ್ಶೇರಿ ಚುರದ 9 ಹೇರ್‌ಪಿನ್ ತಿರುವುಗಳಿವೆ. ಗುಂಡ್ಲುಪೇಟೆಗೆ ಹೋಗಬೇಕಾದರೆ ಬತ್ತೇರಿ, ಮುತ್ತಂಗ ದಾಟಿ ಬಂಡೀಪುರದ ಕಾಡಿನ ನಡುವೆ ಸಾಗಬೇಕು. ಯಾವ ಪೊದೆಯಿಂದ ಯಾವ ಜಿಂಕೆ ಹಾರುತ್ತದೋ, ಯಾವ ಆನೆ ದಾರಿಗೆ ಬರುತ್ತದೋ ಹೇಳಲಾಗದು. ಅಂಥ ಗಳಿಗೆಯಲ್ಲಿ ನಾವು ಲೆಕ್ಕ ಹಾಕಿ ಚಕ್ರ ತಿರುಗಿಸುವುದಿಲ್ಲ. ಕೈಗೆ ಇರುವ ಅಭ್ಯಾಸವೇ ತಿರುಗಿಸುತ್ತದೆ. ಆ ಅಭ್ಯಾಸದ ಅಳತೆ ಬದಲಾಗಿದ್ದರೆ ನಮಗೆ ಅದು ಮೊದಲೇ ತಿಳಿದಿರಬೇಕು.

ಹಿಂದಿನ ಜೀಪು, ಮಾರುತಿ 800 ಇವುಗಳನ್ನು ನೆನಪಿಸಿಕೊಳ್ಳಿ. ಮಲಯಾಳದಲ್ಲಿ ನಾವು ‘ವಳಯಂ’ ಎನ್ನುವ ಆ ಚಕ್ರವನ್ನು ತಿರುಗಿಸುವ ಬಲವೆಲ್ಲ ನಮ್ಮ ತೋಳಿನದೇ ಆಗಿತ್ತು. ಆಮೇಲೆ ಎಣ್ಣೆಯ ಒತ್ತಡದಿಂದ ನಡೆಯುವ ಪವರ್ ಸ್ಟಿಯರಿಂಗ್ ಬಂತು. ಅದರ ಪಂಪು ಇಂಜಿನ್ನಿನ ಬೆಲ್ಟಿನಿಂದ ತಿರುಗುತ್ತದೆ. ಮೂರನೆಯದು ವಿದ್ಯುತ್ ಸ್ಟಿಯರಿಂಗ್, ಅಂದರೆ ಇ.ಪಿ.ಎಸ್. ಜಪಾನಿನ ಸುಜುಕಿ ಕಂಪನಿ 1988ರಲ್ಲಿ ಸೆರ್ವೋ ಎಂಬ ಚಿಕ್ಕ ಕಾರಿನಲ್ಲಿ ಇದನ್ನು ಅಳವಡಿಸಿತು. ಚಕ್ರ ತಿರುಗಿಸುವಾಗ ಮಾತ್ರ ಇದು ಹೆಚ್ಚು ವಿದ್ಯುತ್ ಬಳಸುವುದರಿಂದ ಪೆಟ್ರೋಲ್ ಉಳಿಯುತ್ತದೆ. ಎಣ್ಣೆ ಸೋರುವ ಗೊಡವೆಯೂ ಇಲ್ಲ. ಇಂದು ನಮ್ಮ ಊರಿನಲ್ಲಿ ಓಡುವ ಸಣ್ಣ ಕಾರುಗಳಲ್ಲಿ ಬಹುತೇಕ ಎಲ್ಲದರಲ್ಲೂ ಇದೇ ಇದೆ.

ಇದು ಕೆಲಸ ಮಾಡುವ ರೀತಿ ಸರಳವಾಗಿದೆ. ಸ್ಟಿಯರಿಂಗ್ ಕಂಬದ ಒಳಗೆ ಒಂದು ತೆಳುವಾದ ಉಕ್ಕಿನ ಸರಳು ಇರುತ್ತದೆ. ನೀವು ಚಕ್ರ ತಿರುಗಿಸಿದಾಗ ಅದು ತುಸುವೇ ತಿರುಚಿಕೊಳ್ಳುತ್ತದೆ. ಎಷ್ಟು ತಿರುಚಿತು ಎಂಬುದನ್ನು ಒಂದು ಸೆನ್ಸರ್ ಅಳೆಯುತ್ತದೆ. ಕಾರು ಎಷ್ಟು ವೇಗದಲ್ಲಿದೆ ಎಂಬ ಸಂಗತಿಯೂ ಜೊತೆಗೆ ಬರುತ್ತದೆ. ಈ ಎರಡನ್ನೂ ಒಂದು ಪುಟ್ಟ ಕಂಪ್ಯೂಟರ್ ನೋಡಿ, ಮೋಟಾರು ಎಷ್ಟು ಸಹಾಯ ಕೊಡಬೇಕೆಂದು ನಿರ್ಧರಿಸುತ್ತದೆ. ಒಂದು ಸೆಕೆಂಡಿನಲ್ಲಿ ನೂರಾರು ಸಲ ಈ ಲೆಕ್ಕ ನಡೆಯುತ್ತದೆ.

ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದ ನನಗೆ ಇದು ಸುಲಭವಾಗಿ ಅರ್ಥವಾದದ್ದು ರೆಡಿ ರೆಕನರಿನ ನೆನಪಿನಿಂದ. ಕಂಪ್ಯೂಟರ್ ಬರುವ ಮೊದಲು ಬಡ್ಡಿ ತಿಳಿಯಲು ಆ ಪುಸ್ತಕ ತೆರೆಯುತ್ತಿದ್ದೆವು. ಒಂದು ಕಡೆ ಅಸಲು, ಇನ್ನೊಂದು ಕಡೆ ದಿನ. ಎರಡೂ ಸೇರುವ ಮನೆಯಲ್ಲಿ ಬಡ್ಡಿ. ಸ್ಟಿಯರಿಂಗಿನ ಕಂಪ್ಯೂಟರಿನಲ್ಲಿಯೂ ಅಂಥದೇ ಒಂದು ಪಟ್ಟಿ ಇದೆ. ಒಂದು ಕಡೆ ಕೈಯ ಬಲ, ಇನ್ನೊಂದು ಕಡೆ ಕಾರಿನ ವೇಗ. ಎರಡೂ ಸೇರುವ ಮನೆಯಲ್ಲಿ ಮೋಟಾರಿನ ಸಹಾಯ. ಬಡ್ಡಿ ದರ ಬದಲಾದಾಗ ಹೊಸ ಸುತ್ತೋಲೆ ಬರುತ್ತಿತ್ತು. ಲೆಡ್ಜರ್ ಅದೇ, ಗಿರಾಕಿ ಅವರೇ, ಬರುವ ಮೊತ್ತ ಮಾತ್ರ ಬೇರೆ. ಸಾಫ್ಟ್‌ವೇರ್ ಅಪ್‌ಡೇಟ್ ಎಂದರೆ ಅಂಥ ಸುತ್ತೋಲೆಯೇ. ತಿರುಪು ಮುಟ್ಟದೆ ಸ್ಟಿಯರಿಂಗ್ ಬದಲಾಗುವುದು ಹೀಗೆ.

ಆ ಸುತ್ತೋಲೆಯಲ್ಲಿ ಏನೇನು ಬದಲಾಗಬಹುದು? ಮೊದಲನೆಯದು ಭಾರ. ಪೇಟೆಯಲ್ಲಿ ಕಾರು ನಿಲ್ಲಿಸುವಾಗ ಸಹಾಯ ಹೆಚ್ಚು ಬೇಕು. ಕಾಡಿನ ನೇರ ದಾರಿಯಲ್ಲಿ ವೇಗವಾಗಿ ಹೋಗುವಾಗ ಕಡಿಮೆ ಸಾಕು, ಇಲ್ಲದಿದ್ದರೆ ಚಕ್ರ ತೇಲಿದಂತೆ ಅನಿಸುತ್ತದೆ. ಯಾವ ವೇಗದಲ್ಲಿ ಎಷ್ಟು ಎಂಬ ಅಂಕಿ ಬದಲಾದರೆ, ನಿಮ್ಮ ಕೈ ಅದನ್ನು ಮೊದಲ ತಿರುವಿನಲ್ಲಿಯೇ ಕಂಡುಹಿಡಿಯುತ್ತದೆ. ಕೆಲವು ಕಾರುಗಳಲ್ಲಿ ‘ಸ್ಪೋರ್ಟ್’ ಎಂಬ ಗುಂಡಿ ಒತ್ತಿದರೆ ಸ್ಟಿಯರಿಂಗ್ ಬಿಗಿಯಾಗುತ್ತದಲ್ಲವೆ? ಅಲ್ಲಿ ನಡೆಯುವುದೂ ಇದೇ, ಒಂದು ಪಟ್ಟಿ ಬಿಟ್ಟು ಇನ್ನೊಂದು ಪಟ್ಟಿ ನೋಡುವುದು.

ಎರಡನೆಯದು, ಚಕ್ರ ತಾನಾಗಿ ನೇರಕ್ಕೆ ಮರಳುವ ಗುಣ. ತಿರುವು ಮುಗಿದ ಮೇಲೆ ಗಾಲಿಗಳೇ ಸ್ಟಿಯರಿಂಗನ್ನು ಹಿಂದಕ್ಕೆ ತರಲು ನೋಡುತ್ತವೆ. ಆದರೆ ಮೋಟಾರು, ಹಲ್ಲುಗಾಲಿಗಳ ಉಜ್ಜಾಟ ಅದನ್ನು ತಡೆಯುತ್ತದೆ. ಆ ತಡೆಯನ್ನು ಸರಿದೂಗಿಸಲು ಸಾಫ್ಟ್‌ವೇರ್ ಒಂದಿಷ್ಟು ಬಲ ಸೇರಿಸುತ್ತದೆ. ಅದು ಹೆಚ್ಚಾದರೆ ಚಕ್ರ ಅಂಗೈಯಲ್ಲಿ ಬೇಗ ಜಾರಿ ನೇರವಾಗುತ್ತದೆ. ಕಡಿಮೆಯಾದರೆ ನಾವೇ ಎಳೆದು ತರಬೇಕಾಗುತ್ತದೆ. ಚುರ ಇಳಿಯುವಾಗ ಇದು ಒಂದಲ್ಲ, 9 ಸಲ ಆಗುವ ಕೆಲಸ. ಎದುರಿಗೆ ಬಸ್ಸು ಬರುತ್ತಿರುವಾಗ ಚಕ್ರ ತಾನಾಗಿ ಮರಳುತ್ತದೆಂದು ಕೈ ಸಡಿಲಿಸಿದವನಿಗೆ ಅದು ಮರಳದಿದ್ದರೆ ಏನಾದೀತೆಂದು ನೀವೇ ಯೋಚಿಸಿ.

ಮೂರನೆಯದು ಹೊಂಡಗಳ ಕುಲುಕು. ರಸ್ತೆಯ ಅದುರು ಕೈಗೆ ಎಷ್ಟು ಮುಟ್ಟಬೇಕು, ಎಷ್ಟನ್ನು ಮೋಟಾರು ನುಂಗಬೇಕು ಎಂಬುದಕ್ಕೂ ಅಂಕಿ ಇದೆ. ತೀರ ನುಂಗಿಬಿಟ್ಟರೆ ಸುಖವೇನೋ ಸುಖವೆ. ಆದರೆ ಮಳೆಗಾಲದಲ್ಲಿ ಮುಂದಿನ ಟೈರು ಹಿಡಿತ ಕಳೆದುಕೊಳ್ಳುತ್ತಿರುವ ಸೂಚನೆಯೂ ಕೈಗೆ ಮಂದವಾಗಿಯೇ ಬರುತ್ತದೆ.

ನಾಲ್ಕನೆಯದು ಕಾವಲಿನ ಲೆಕ್ಕ. ಮೋಟಾರು ತಪ್ಪಾಗಿ ತಿರುಗುತ್ತಿದೆ ಎಂಬ ಅನುಮಾನ ಬಂದರೆ ಕಂಪ್ಯೂಟರ್ ಅದರ ಸಹಾಯವನ್ನು ನಿಲ್ಲಿಸುತ್ತದೆ. ಎಷ್ಟು ಅನುಮಾನಕ್ಕೆ ನಿಲ್ಲಿಸಬೇಕು ಎಂಬುದೇ ಕಷ್ಟದ ಪ್ರಶ್ನೆ. ಇದಕ್ಕೆ ಅಮೆರಿಕದ ಟೆಸ್ಲಾ ಕಾರುಗಳ ಒಂದು ಉದಾಹರಣೆ ಇದೆ. 2022ರ ಅಕ್ಟೋಬರ್ 11ರಿಂದ ಆ ಕಂಪನಿ ಮಾಡೆಲ್ ಎಸ್, ಮಾಡೆಲ್ ಎಕ್ಸ್ ಕಾರುಗಳಿಗೆ ಗಾಳಿಯ ಮೂಲಕವೇ ಹೊಸ ಸಾಫ್ಟ್‌ವೇರ್ ಕಳಿಸಿತು. ಸ್ಟಿಯರಿಂಗ್ ಮೋಟಾರಿನ ಅನಿರೀಕ್ಷಿತ ಬಲವನ್ನು ಇನ್ನೂ ಚೆನ್ನಾಗಿ ಗುರುತಿಸಬೇಕೆಂಬುದು ಉದ್ದೇಶ. ಉದ್ದೇಶ ಒಳ್ಳೆಯದೇ. ಆದರೆ ಹೊಂಡಕ್ಕೆ ಬಿದ್ದಾಗ, ಒರಟು ರಸ್ತೆಯಲ್ಲಿ ಓಡಿದಾಗ ಬರುವ ಹೊಡೆತವನ್ನೂ ಕೆಲವು ಕಾರುಗಳು ಮೋಟಾರಿನ ದೋಷವೆಂದೇ ತಿಳಿದು ಸಹಾಯವನ್ನು ಕಡಿಮೆ ಮಾಡಿದವು, ಇಲ್ಲವೆ ನಿಲ್ಲಿಸಿದವು. ಕೊನೆಗೆ 2017ರಿಂದ 2021ರ ಮಾಡೆಲಿನ 40,168 ಕಾರುಗಳಿಗೆ ರೀಕಾಲ್ ಘೋಷಿಸಬೇಕಾಯಿತು. ಪರಿಹಾರವೂ ಇನ್ನೊಂದು ಸಾಫ್ಟ್‌ವೇರೇ.

ಇದರಿಂದ ತಿಳಿಯುವುದೇನು? ಅಂಕಿ ಬರೆಯುವವರು ಎಷ್ಟೇ ಬುದ್ಧಿವಂತರಾಗಿರಲಿ, ಎಲ್ಲ ಊರಿನ ಹೊಂಡಗಳನ್ನೂ ಅವರು ಕಂಡಿರುವುದಿಲ್ಲ. ಬೀನಾಚ್ಚಿ–ಪನಮರಂ ರಸ್ತೆಯ ಜೂನ್ ತಿಂಗಳ ಸ್ಥಿತಿ ನಮಗೆ ಗೊತ್ತು, ಅವರಿಗೆ ಗೊತ್ತಿರಲಾರದು. ಆದ್ದರಿಂದ ಕೊನೆಯ ಪರೀಕ್ಷೆ ನಮ್ಮ ಕೈಯಲ್ಲಿಯೇ ನಡೆಯಬೇಕು.

ಹಾಗೆಂದು ಎಲ್ಲ ದೂರನ್ನೂ ಸಾಫ್ಟ್‌ವೇರಿನ ತಲೆಗೆ ಕಟ್ಟುವುದು ಅದಕ್ಕಿಂತ ಅಪಾಯ. 2023ರ ಜುಲೈನಲ್ಲಿ ಮಾರುತಿ ಕಂಪನಿ 87,599 ಎಸ್-ಪ್ರೆಸ್ಸೋ ಮತ್ತು ಈಕೋ ವಾಹನಗಳನ್ನು ಮರಳಿ ಕರೆಯಿತು. ಅದು ಸ್ಟಿಯರಿಂಗಿನ ಟೈ ರಾಡ್ ಎಂಬ ಕಬ್ಬಿಣದ ಭಾಗದ ಶಂಕೆಯಿಂದ. 2024ರ ಆಗಸ್ಟ್‌ನಲ್ಲಿ 2,555 ಆಲ್ಟೋ ಕೆ10 ಕಾರುಗಳ ಸ್ಟಿಯರಿಂಗ್ ಗೇರ್‌ಬಾಕ್ಸ್ ಬಗ್ಗೆ ಅದೇ ಕಂಪನಿ ಎಚ್ಚರಿಸಿ, ಭಾಗ ಬದಲಿಸುವವರೆಗೆ ಓಡಿಸಬೇಡಿ ಎಂದಿತು. ಇಂಥವಕ್ಕೆ ಯಾವ ಅಪ್‌ಡೇಟೂ ಮದ್ದಲ್ಲ.

ಎರಡನ್ನೂ ಬೇರೆಮಾಡಿ ನೋಡುವುದು ಹೇಗೆ? ಒಂದು ನಿರ್ದಿಷ್ಟ ದಿನದಿಂದ, ಎಡಕ್ಕೂ ಬಲಕ್ಕೂ ಒಂದೇ ಸಮನಾಗಿ, ಯಾವ ಸದ್ದೂ ಇಲ್ಲದೆ ಬದಲಾವಣೆ ಬಂದಿದ್ದರೆ ಅದು ಸಾಫ್ಟ್‌ವೇರಿನದಿರಬಹುದು. ದಿನದಿನಕ್ಕೂ ಹೆಚ್ಚುತ್ತಿದ್ದರೆ, ಕಟಕಟ ಸದ್ದಿದ್ದರೆ, ಚಕ್ರದಲ್ಲಿ ಸಡಿಲವಿದ್ದರೆ, ಒಂದೇ ಕಡೆಗೆ ಎಳೆಯುತ್ತಿದ್ದರೆ ಅದು ಕಬ್ಬಿಣದ ಅಥವಾ ಟೈರಿನ ಕಾಯಿಲೆ. ಎಲ್ಲಕ್ಕಿಂತ ಮೊದಲು ಟೈರಿನ ಗಾಳಿ ನೋಡಿಸಿ. ಗಾಳಿ ಕಡಿಮೆಯಾದರೂ ಸ್ಟಿಯರಿಂಗ್ ಭಾರವಾಗುತ್ತದೆ. ಕಾರು ನೇರ ಹೋಗುತ್ತಿದ್ದು ಚಕ್ರ ಮಾತ್ರ ಓರೆಯಾಗಿ ನಿಂತಿದ್ದರೆ ವೀಲ್ ಅಲೈನ್‌ಮೆಂಟ್ ಮಾಡಿಸಿ. ಕೋನ ಅಳೆಯುವ ಸೆನ್ಸರಿನ ಸೊನ್ನೆಯನ್ನೂ ಆಗ ಸರಿಪಡಿಸಬೇಕಾಗಬಹುದು. ಇನ್ನೊಂದು ಮಾತು. ಇಕ್ಕಟ್ಟಿನಲ್ಲಿ ನಿಂತಲ್ಲೇ ಹತ್ತಾರು ಸಲ ಪೂರ್ತಿ ತಿರುಗಿಸಿದರೆ ಮೋಟಾರು ಬಿಸಿಯಾಗಿ, ತನ್ನನ್ನು ಕಾಯ್ದುಕೊಳ್ಳಲು ಸಹಾಯ ಕಡಿಮೆ ಮಾಡುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ಸರಿಹೋಗುತ್ತದೆ.

ಅಪ್‌ಡೇಟ್ ಎಂದಾಗ ಕೇಳಬೇಕಾದ್ದನ್ನು ಕೇಳಲು ಸಂಕೋಚ ಬೇಡ. ವಾಹನಗಳ ಸಾಫ್ಟ್‌ವೇರ್ ಅಪ್‌ಡೇಟಿಗೆಂದೇ ವಿಶ್ವಸಂಸ್ಥೆಯ ಆಶ್ರಯದಲ್ಲಿ ಆರ್ 156 ಎಂಬ ನಿಯಮ 2021ರಲ್ಲಿ ಜಾರಿಗೆ ಬಂತು. ಅಪ್‌ಡೇಟಿನ ಉದ್ದೇಶವೇನು, ಅದರಿಂದ ಏನು ಬದಲಾಗುತ್ತದೆ ಎಂದು ವಾಹನದವನಿಗೆ ತಿಳಿಸಬೇಕೆಂಬುದು ಅದರ ಒಂದು ಅಂಶ. ನಮ್ಮ ದೇಶದಲ್ಲೂ ಅದೇ ದಾರಿಯಲ್ಲಿ ಎ.ಐ.ಎಸ್. 190 ಎಂಬ ಮಾನದಂಡ ಸಿದ್ಧವಾಗಿದೆ. ವರ್ಕ್‌ಶಾಪಿನಲ್ಲಿ ಸಾಫ್ಟ್‌ವೇರ್ ತುಂಬುವುದು ನಮಗೆ ಹೊಸತೂ ಅಲ್ಲ. 2016ರಲ್ಲಿಯೇ 75,419 ಬಲೆನೋ ಕಾರುಗಳ ಏರ್‌ಬ್ಯಾಗ್ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಿಸಲು ಮಾರುತಿ ಕಂಪನಿ ರೀಕಾಲ್ ಮಾಡಿತ್ತು. ಆದ್ದರಿಂದ ಕಾರು ಮರಳಿ ಪಡೆಯುವಾಗ, ‘ಸ್ಟಿಯರಿಂಗಿಗೆ ಏನಾದರೂ ಹೊಸದು ಹಾಕಿದ್ದೀರಾ?’ ಎಂದು ಕೇಳಿ. ಹೌದೆಂದರೆ ಅದನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಮುಂದೆ ತಕರಾರು ಬಂದರೆ ಬಾಯಿ ಮಾತಿಗಿಂತ ಕಾಗದಕ್ಕೆ ಬೆಲೆ.

ಅಪ್‌ಡೇಟ್ ಆದ ದಿನವೇ ಚುರ ಇಳಿಯಬೇಡಿ. ರಾತ್ರಿ 9ಕ್ಕೆ ಬಂಡೀಪುರದ ಗೇಟು ಮುಚ್ಚುತ್ತದೆಂಬ ಆತುರದಲ್ಲಿ ಆ ಕಾರನ್ನು ಓಡಿಸಬೇಡಿ. ಮೊದಲು ಖಾಲಿ ಮೈದಾನದಲ್ಲಿ, ಆಮೇಲೆ ಊರಿನ ದಾರಿಯಲ್ಲಿ ಹಗಲು ಹೊತ್ತು ನಾಲ್ಕಾರು ತಿರುವು ತಿರುಗಿಸಿ ನೋಡಿ. ಮನೆಯಲ್ಲಿ ಆ ಕಾರನ್ನು ಓಡಿಸುವ ಮಗ, ಮಗಳು, ಅಳಿಯ ಎಲ್ಲರಿಗೂ ವಿಷಯ ತಿಳಿಸಿ. ಹೇಳದೆ ಕೀ ಕೊಡುವುದು ಸರಿಯಲ್ಲ.

ಓಡುತ್ತಿರುವಾಗ ಸ್ಟಿಯರಿಂಗ್ ಚಿತ್ರದ ದೀಪ ಹೊತ್ತಿಕೊಂಡು ಚಕ್ರ ಭಾರವಾದರೆ ಗಾಬರಿಪಡಬೇಡಿ. ಮೋಟಾರು ನಿಂತರೂ ಈ ಕಾರುಗಳಲ್ಲಿ ಚಕ್ರಕ್ಕೂ ಗಾಲಿಗೂ ಉಕ್ಕಿನ ಸಂಬಂಧ ಹಾಗೆಯೇ ಇರುತ್ತದೆ. ಎರಡೂ ಕೈಯಲ್ಲಿ ಬಲವಾಗಿ ಹಿಡಿದರೆ ತಿರುಗುತ್ತದೆ. ನಿಧಾನವಾದಷ್ಟೂ ಹೆಚ್ಚು ಭಾರ ಎನಿಸುವುದರಿಂದ ತೋಳಿಗೆ ಕೆಲಸ ಕೊಡಲು ಸಿದ್ಧರಾಗಿರಿ. ಓಡುತ್ತಿರುವಾಗ ಕೀ ಮಾತ್ರ ತಿರುಗಿಸಿ ತೆಗೆಯಬೇಡಿ, ಸ್ಟಿಯರಿಂಗ್ ಲಾಕ್ ಆದೀತು. ಅಂಚಿಗೆ ತಂದು ನಿಲ್ಲಿಸಿ, ವರ್ಕ್‌ಶಾಪಿಗೆ ತಿಳಿಸಿ.

ಹಿಂದೆ ಕಾರಿನ ಗುಣ ಕಾರ್ಖಾನೆಯಿಂದ ಬಂದ ದಿನವೇ ನಿಶ್ಚಯವಾಗಿರುತ್ತಿತ್ತು. ಆಮೇಲೆ ಸವೆಯುವುದೊಂದೇ ಬಾಕಿ. ಈಗ ಅದು ಸವೆಯುತ್ತದೆ, ಜೊತೆಗೆ ತಿದ್ದುಪಡಿಯೂ ಆಗುತ್ತದೆ. ತಿದ್ದುಪಡಿ ಒಳ್ಳೆಯದಕ್ಕೇ ಇರಬಹುದು. ಆದರೆ ಯಂತ್ರಕ್ಕೆ ಹೊಸ ಪಾಠ ಕಲಿಸಲು ಕೆಲವು ನಿಮಿಷ ಸಾಕು, ಕೈಗೆ ಕೆಲವು ದಿನ ಬೇಕು. ಆ ಕೆಲವು ದಿನ ನಿಧಾನವಾಗಿ ಓಡಿಸಿ.